ಬ್ಲಾಕ್ ಎಷ್ಟು ಪರ್ಸೆಂಟ್ ಎಂದು ಕೇಳುವ ಮೊದಲು

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯಿರಲಿ, ಸಾಗರದ ಮದುವೆ ಛತ್ರದ ಊಟದ ಪಂಕ್ತಿಯಿರಲಿ, ಪರಿಚಯದವರೊಬ್ಬರನ್ನು ಹೃದಯದ ತೊಂದರೆಗೆಂದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂದರೆ ಮೊದಲು ಏಳುವ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್ ಬ್ಲಾಕ್ ಅಂತೆ?" ನಲವತ್ತು ಎಂದರೆ ಕೇಳಿದವರಿಗೆ ಸಮಾಧಾನ. ತೊಂಬತ್ತು ಎಂದರೆ, "ಅಷ್ಟಿದ್ದೂ ಮೊನ್ನೆಯವರೆಗೆ ತೋಟಕ್ಕೆ ಹೋಗುತ್ತಿದ್ದರಲ್ಲ ಮಾರಾಯರೇ!" ಎಂಬ ಉದ್ಗಾರ.

ಈ ಲೆಕ್ಕದ ಹಿಂದೆ ಒಂದು ಚಿತ್ರವಿದೆ. ಬೇಸಿಗೆಯಲ್ಲಿ ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಪಾಚಿ, ಕೆಸರು ಕಟ್ಟಿಕೊಂಡು ಕೊನೆಯ ಸಾಲಿನ ಮರಗಳಿಗೆ ನೀರು ತಲುಪದೆ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಹೃದಯದ ರಕ್ತನಾಳದಲ್ಲೂ ಹೀಗೆಯೇ ಕೊಬ್ಬು ಕಟ್ಟುತ್ತಾ ಹೋಗುತ್ತದೆ, ಪೂರ್ತಿ ಕಟ್ಟಿದ ದಿನ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ನಂಬಿದ್ದೇವೆ. ರೋಗಿಗಳ ಸಾಲು ಬಾಗಿಲು ದಾಟಿರುವಾಗ ವೈದ್ಯರೂ ಇದನ್ನೇ ಹೇಳಿ ಕಳುಹಿಸುತ್ತಾರೆ. ನಡೆದಾಗ ಬರುವ ಎದೆನೋವನ್ನು ಅರ್ಥ ಮಾಡಿಕೊಳ್ಳಲು ಈ ಚಿತ್ರ ಸಾಕು. ಹೃದಯಾಘಾತದ ವಿಷಯದಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಕೊರೊನರಿ ಕಾಯಿಲೆ, ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಕಾಯಿಲೆ ಹುಟ್ಟುವುದು, ಬೆಳೆಯುವುದು, ಕೊನೆಗೆ ಸಿಡಿಯುವುದು ನಾಳದ ಗೋಡೆಯೊಳಗೆ. ಒಳದಾರಿ ಕಿರಿದಾಗುವುದು ಅದರ ಒಂದು ಪರಿಣಾಮ, ಅದೂ ಬಹಳ ತಡವಾಗಿ ಕಾಣಿಸುವ ಪರಿಣಾಮ.

ಹೃದಯಕ್ಕೂ ರಕ್ತ ಬೇಕು

ಮುಷ್ಟಿ ಗಾತ್ರದ, ಸುಮಾರು 300 ಗ್ರಾಂ ತೂಕದ ಈ ಸ್ನಾಯು ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ 5 ಲೀಟರಿನಷ್ಟು ರಕ್ತವನ್ನು ದೇಹಕ್ಕೆ ತಳ್ಳುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಬಡಿತ. ವಿಚಿತ್ರವೆಂದರೆ, ಒಳಗಿನ ಕೋಣೆಗಳಲ್ಲಿ ಅಷ್ಟು ರಕ್ತ ತುಂಬಿ ಹರಿದರೂ ಅದರಿಂದ ನೇರವಾಗಿ ಪೋಷಣೆ ಪಡೆಯಲು ಹೃದಯದ ದಪ್ಪ ಸ್ನಾಯುವಿಗೆ ಸಾಧ್ಯವಿಲ್ಲ. ಅದಕ್ಕೆ ಬೇರೆಯದೇ ನಾಳಗಳು ಬೇಕು. ಹೃದಯದಿಂದ ಹೊರಡುವ ಮಹಾಪಧಮನಿಯ ಬುಡದಲ್ಲೇ ಎಡಕ್ಕೊಂದು, ಬಲಕ್ಕೊಂದು ಕೊರೊನರಿ ಅಪಧಮನಿ ಕವಲೊಡೆಯುತ್ತವೆ. ಎಡದ್ದು ಸ್ವಲ್ಪದರಲ್ಲೇ ಮತ್ತೆ ಎರಡಾಗುತ್ತದೆ: ಒಂದು ಹೃದಯದ ಮುಂಭಾಗದಲ್ಲಿ ಕೆಳಗಿಳಿಯುತ್ತದೆ, ಇನ್ನೊಂದು ಎಡಬದಿಯನ್ನು ಬಳಸಿ ಹಿಂದಕ್ಕೆ ಹೋಗುತ್ತದೆ. ಆಂಜಿಯೋಗ್ರಾಮ್ ವರದಿಯಲ್ಲಿ ಎಲ್‌ಎಡಿ ಎಂದು ಬರೆದಿರುವುದು ಆ ಮುಂಭಾಗದ ನಾಳ. ಹೃದಯದ ಬಹುಪಾಲು ಕೆಲಸ ಮಾಡುವ ಕೆಳಗಿನ ಎಡ ಕೋಣೆಯ, ಅಂದರೆ ಎಡ ಕುಹರದ ದೊಡ್ಡ ಭಾಗಕ್ಕೆ ಅದೇ ಆಧಾರ. "ಮೂರು ನಾಳದಲ್ಲೂ ತೊಂದರೆ" ಎನ್ನುವಾಗ ಹೇಳುವುದು ಈ ಎರಡು ಕವಲು ಮತ್ತು ಬಲದ ನಾಳದ ಬಗ್ಗೆ. ಇವುಗಳ ಒಳ ಅಗಲ ಬುಡದಲ್ಲಿಯೇ ಮೂರು ನಾಲ್ಕು ಮಿಲಿಮೀಟರ್. ಅವುಗಳ ಮೂಲಕ ನಿಮಿಷಕ್ಕೆ ಹರಿಯುವುದು ಸುಮಾರು 250 ಮಿಲಿಲೀಟರ್ ರಕ್ತ, ಹೃದಯ ಹೊರದಬ್ಬುವ ಒಟ್ಟು ರಕ್ತದ ಇಪ್ಪತ್ತನೇ ಒಂದು ಭಾಗ.

ಇಲ್ಲಿ ಹೃದಯಕ್ಕೆ ಎರಡು ಕಷ್ಟಗಳಿವೆ. ಕೈಕಾಲಿನ ಸ್ನಾಯುಗಳು ವಿಶ್ರಾಂತಿಯಲ್ಲಿರುವಾಗ ತಮ್ಮ ಮೂಲಕ ಹಾದುಹೋಗುವ ರಕ್ತದ ಆಮ್ಲಜನಕದಲ್ಲಿ ಸ್ವಲ್ಪ ಭಾಗವನ್ನಷ್ಟೇ ತೆಗೆದುಕೊಳ್ಳುತ್ತವೆ; ಕೆಲಸ ಹೆಚ್ಚಾದರೆ ಇನ್ನಷ್ಟು ಹೀರಿಕೊಳ್ಳಲು ಅವಕಾಶವಿರುತ್ತದೆ. ಹೃದಯದ ಸ್ನಾಯು ಸುಮ್ಮನಿರುವಾಗಲೇ ಮುಕ್ಕಾಲು ಪಾಲು ಆಮ್ಲಜನಕವನ್ನು ಹೀರಿ ಮುಗಿಸಿರುತ್ತದೆ. ಇನ್ನೂ ಬೇಕೆಂದರೆ ಅದಕ್ಕಿರುವ ದಾರಿ ಒಂದೇ, ಹೆಚ್ಚು ರಕ್ತ ಹರಿಯಬೇಕು. ಆರೋಗ್ಯವಂತ ನಾಳಗಳು ಹಿಗ್ಗಿ ಹರಿವನ್ನು ನಾಲ್ಕೈದು ಪಟ್ಟು ಏರಿಸಬಲ್ಲವು. ಎರಡನೆಯ ಕಷ್ಟ ಸಮಯದ್ದು. ಎಡ ಕುಹರ ಸಂಕುಚಿಸುವಾಗ ತನ್ನೊಳಗೆ ಹಾದುಹೋಗುವ ನಾಳಗಳನ್ನೂ ಹಿಂಡಿಬಿಡುತ್ತದೆ. ಹಾಗಾಗಿ ಅದರ ಸ್ನಾಯುವಿಗೆ ರಕ್ತ ಮುಖ್ಯವಾಗಿ ಸಿಗುವುದು ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಳ್ಳುವ ಗಳಿಗೆಯಲ್ಲಿ. ಬಡಿತ ವೇಗವಾದಷ್ಟೂ ಆ ಬಿಡುವು ಕುಗ್ಗುತ್ತದೆ. ಅಂದರೆ ಬೇಡಿಕೆ ಏರುವ ಹೊತ್ತಿನಲ್ಲಿಯೇ ಪೂರೈಕೆಯ ಸಮಯ ಕಡಿಮೆಯಾಗುತ್ತದೆ.

ಮಲೆನಾಡಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಮ್ಮಲ್ಲಿ ತೋಟ ಕಣಿವೆಯಲ್ಲಿ, ಮನೆ ಮೇಲಿನ ದಿಬ್ಬದಲ್ಲಿ. ಐವತ್ತೈದು ದಾಟಿದ ಒಬ್ಬ ಕೃಷಿಕರನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಅವರಿಗೆ ಏನೂ ಆಗುವುದಿಲ್ಲ. ತಿರುಗಿ ಹತ್ತುವಾಗ, ದಿನವೂ ಹೆಚ್ಚುಕಡಿಮೆ ಅದೇ ತಿರುವಿನಲ್ಲಿ, ಎದೆಯ ನಡುವೆ ಯಾರೋ ಕಲ್ಲು ಹೇರಿದಂತೆ ಭಾರ. ನಿಲ್ಲುತ್ತಾರೆ. ಎರಡು ಮೂರು ನಿಮಿಷದಲ್ಲಿ ಹೋಗುತ್ತದೆ. ಮತ್ತೆ ಹತ್ತುತ್ತಾರೆ. ಮಾಗಿಯ ಚಳಿಯ ಬೆಳಗಿನಲ್ಲಿ ಅದು ಬೇಗ ಬರುತ್ತದೆ, ಹೊಟ್ಟೆ ತುಂಬ ಉಂಡು ಹೊರಟರೆ ಇನ್ನೂ ಬೇಗ. ಆಗುತ್ತಿರುವುದಿಷ್ಟು: ನಾಳದ ಒಂದೆಡೆ ಕಿರಿದಾಗಿದೆ. ಆ ಕೊರತೆಯನ್ನು ತುಂಬಿಕೊಳ್ಳಲು ಮುಂದಿನ ಸಣ್ಣ ನಾಳಗಳು ವಿಶ್ರಾಂತಿಯಲ್ಲೇ ಪೂರ್ತಿ ಹಿಗ್ಗಿಕೊಂಡಿವೆ. ದಿಬ್ಬ ಹತ್ತುವಾಗ ಹಿಗ್ಗಲು ಇನ್ನೇನೂ ಉಳಿದಿಲ್ಲ. ಸ್ನಾಯುವಿನ ಅತ್ಯಂತ ಒಳಪದರ ಮೊದಲು ಬಳಲುತ್ತದೆ, ಅಲ್ಲಿ ಸಂಗ್ರಹವಾಗುವ ರಾಸಾಯನಿಕಗಳು ನರಗಳನ್ನು ಕೆರಳಿಸುತ್ತವೆ. ಚಳಿಗೆ ಚರ್ಮದ ನಾಳಗಳು ಬಿಗಿದು ರಕ್ತದೊತ್ತಡ ಏರುವುದರಿಂದ, ಊಟದ ನಂತರ ಕರುಳಿನ ಕಡೆಗೆ ಹೆಚ್ಚು ರಕ್ತ ಹರಿಯುವುದರಿಂದ ಹೃದಯದ ಕೆಲಸ ಇನ್ನಷ್ಟು ಹೆಚ್ಚುತ್ತದೆ. ನಾಳದ ಒಳ ಅಗಲ ಶೇ 70ರಷ್ಟು ಕುಗ್ಗುವವರೆಗೂ ಸಾಮಾನ್ಯವಾಗಿ ಇಂಥ ನೋವು ತಲೆದೋರುವುದಿಲ್ಲ. ಶೇ 90 ದಾಟಿದರೆ ಕುಳಿತಲ್ಲಿಯೂ ಬರಬಹುದು.

ಆಂಜೈನಾ ಎಂದು ಕರೆಯುವ ಈ ನೋವನ್ನು ವೈದ್ಯಲೋಕದ ಮುಂದೆ ಮೊದಲು ಸ್ಪಷ್ಟವಾಗಿ ವಿವರಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್, 1768ರಲ್ಲಿ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಮತ್ತು ಊಟವಾದ ಸ್ವಲ್ಪ ಹೊತ್ತಿಗೆ ಬರುತ್ತದೆ, ನಿಂತರೆ ಮಾಯವಾಗುತ್ತದೆ ಎಂದು ಅವರು ಹೇಳಿದ್ದಾರೆ. ಹೊಸನಗರದ ಗುಡ್ಡ ಹತ್ತುವವರನ್ನು ನೋಡಿಯೇ ಬರೆದರೇನೋ ಅನ್ನಿಸುತ್ತದೆ.

ಗೋಡೆಯೊಳಗೆ

ಕೊರೊನರಿ ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪೊರೆಯಿದೆ, ಎಂಡೋಥೀಲಿಯಂ ಎಂದು ಹೆಸರು. ತೆಳುವೆಂದು ಹಗುರವಾಗಿ ಕಾಣಬಾರದು. ನಾಳ ಯಾವಾಗ ಹಿಗ್ಗಬೇಕು, ರಕ್ತ ಎಲ್ಲಿ ಹೆಪ್ಪುಗಟ್ಟಬಾರದು, ಯಾವ ಬಿಳಿ ರಕ್ತಕಣ ಎಲ್ಲಿ ಅಂಟಬಹುದು ಎಂಬುದನ್ನೆಲ್ಲ ನಿರ್ಧರಿಸುವುದು ಇದೇ. ಅದು ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಾಳವನ್ನು ಸಡಿಲಗೊಳಿಸುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟದಂತೆ ನೋಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ನೈಟ್ರೇಟ್ ಗುಳಿಗೆ ಕೆಲಸ ಮಾಡುವುದೂ ದೇಹದೊಳಗೆ ಈ ಅನಿಲವನ್ನು ಒದಗಿಸಿಯೇ.

ಸಿಗರೇಟು ಮತ್ತು ಬೀಡಿಯ ಹೊಗೆ, ಏರಿದ ರಕ್ತದೊತ್ತಡ, ಏರಿದ ಸಕ್ಕರೆ ಈ ಪೊರೆಯ ಕೆಲಸ ಕೆಡಿಸುತ್ತವೆ. ಕೆಟ್ಟ ಜಾಗದಲ್ಲಿ ರಕ್ತದಲ್ಲಿನ ಎಲ್‌ಡಿಎಲ್ ಕಣಗಳು ಪೊರೆಯನ್ನು ದಾಟಿ ಗೋಡೆಯೊಳಗೆ ಹೆಚ್ಚಾಗಿ ನುಗ್ಗಿ ಸಿಕ್ಕಿಬೀಳುತ್ತವೆ. ಎಲ್‌ಡಿಎಲ್ ಎಂದರೆ ಯಕೃತ್ತಿನಲ್ಲಿ ಹುಟ್ಟಿದ ಕೊಬ್ಬಿನ ಕಣಗಳು ರಕ್ತದಲ್ಲಿ ಮಾರ್ಪಟ್ಟು ಉಳಿಯುವ, ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ. ಕೊಲೆಸ್ಟ್ರಾಲ್ ಸ್ವತಃ ಖಳನಾಯಕನಲ್ಲ. ಪ್ರತಿ ಕೋಶದ ಹೊದಿಕೆಗೂ, ಹಲವು ಹಾರ್ಮೋನುಗಳಿಗೂ, ಪಿತ್ತರಸಕ್ಕೂ ಅದು ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಅದನ್ನು ಹೊತ್ತ ಕಣಗಳು ರಕ್ತದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಸುತ್ತುತ್ತಿದ್ದಾಗ. ಗೋಡೆಯಲ್ಲಿ ಸಿಕ್ಕಿಬಿದ್ದ ಕಣಗಳು ಆಕ್ಸಿಡೀಕರಣಗೊಂಡು ಕೆಡುತ್ತವೆ. ದೇಹ ಅವುಗಳನ್ನು ಹೊರಗಿನ ಶತ್ರುವೆಂದು ತಿಳಿದು ಬಿಳಿ ರಕ್ತಕಣಗಳನ್ನು ಅಟ್ಟುತ್ತದೆ. ಗೋಡೆಯೊಳಗೆ ಇಳಿದ ಆ ಕಣಗಳು ಮ್ಯಾಕ್ರೊಫೇಜ್‌ಗಳಾಗಿ ಕೆಟ್ಟ ಕೊಬ್ಬನ್ನು ನುಂಗುತ್ತವೆ, ನುಂಗಿ ನುಂಗಿ ಊದಿಕೊಳ್ಳುತ್ತವೆ, ಕೊನೆಗೆ ಅಲ್ಲಿಯೇ ಸಾಯುತ್ತವೆ. ಸತ್ತ ಕೋಶಗಳು, ಕೊಲೆಸ್ಟ್ರಾಲ್ ಹರಳುಗಳು, ಬರಬರುತ್ತಾ ಕ್ಯಾಲ್ಸಿಯಂ, ಇವೆಲ್ಲ ಸೇರಿದ ಮೆತ್ತನೆಯ ರಾಶಿ ಒಳಗಿರುತ್ತದೆ. ಅದರ ಮೇಲೆ ಗೋಡೆಯ ಸ್ನಾಯುಕೋಶಗಳು ಬಂದು ನಾರಿನ ಹೊದಿಕೆಯೊಂದನ್ನು ಕಟ್ಟುತ್ತವೆ. ಇಡೀ ರಚನೆಗೆ ಪ್ಲಾಕ್ ಎಂದು ಹೆಸರು. ಸುಮ್ಮನೆ ಅಂಟಿಕೊಂಡ ಜಿಡ್ಡಲ್ಲ ಅದು. ಉರಿಯೂತ ನಡೆಯುತ್ತಲೇ ಇರುವ ಜೀವಂತ ಗಾಯ.

ಕೊಲೆಸ್ಟ್ರಾಲ್‌ನ ಪಾತ್ರ ಮೊದಲು ಕಂಡದ್ದು 1913ರಲ್ಲಿ, ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ನಾಳದ ಗೋಡೆಯಲ್ಲಿ ಇಂಥದೇ ಗಾಯ ಹುಟ್ಟಿಸಿದಾಗ. ಸೊಪ್ಪು ತಿನ್ನುವ ಮೊಲಕ್ಕೂ ಮನುಷ್ಯನಿಗೂ ಏನು ಸಂಬಂಧ ಎಂದು ಅನೇಕರು ಆಗ ತಲೆಯಾಡಿಸಿದರು. ನಂತರದ ದಶಕಗಳಲ್ಲಿ ಬೇರೆ ಬೇರೆ ದಿಕ್ಕಿನಿಂದ ಪುರಾವೆ ಕೂಡಿಬಂತು. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತವಾಗಿರುವ ಕುಟುಂಬಗಳಲ್ಲಿ ಹದಿಹರೆಯದವರಿಗೂ ಹೃದಯಾಘಾತವಾಗುತ್ತಿತ್ತು. ಅವರ ಕೋಶಗಳಲ್ಲಿ ಎಲ್‌ಡಿಎಲ್ ಅನ್ನು ಹಿಡಿದು ರಕ್ತದಿಂದ ತೆಗೆಯುವ ಗ್ರಾಹಕವೇ ಕೆಟ್ಟಿರುತ್ತದೆ ಎಂದು ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಸಿಕ್ಕಿತು.

ಈ ಗಾಯ ಯಾವ ವಯಸ್ಸಿಗೆ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಬಿಡಿಸಿ ನೋಡಿದ ವರದಿ 1953ರಲ್ಲಿ ಪ್ರಕಟವಾಯಿತು. ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಕೊರೊನರಿ ನಾಳಗಳಲ್ಲಿ ಕಾಯಿಲೆಯ ಒಂದಲ್ಲ ಒಂದು ಗುರುತು ಆಗಲೇ ಇತ್ತು. ಗಟ್ಟಿಮುಟ್ಟಾದ, ಓಡಾಡುತ್ತಿದ್ದ ಹುಡುಗರು ಅವರು. ಐವತ್ತರಲ್ಲಿ ಆಗುವ ಹೃದಯಾಘಾತವನ್ನು ನಾವು ಅನಿರೀಕ್ಷಿತ ಎನ್ನುತ್ತೇವೆ. ಗೋಡೆಯಲ್ಲಿ ಅದಕ್ಕೆ ಮೂವತ್ತು ವರ್ಷದ ಇತಿಹಾಸವಿರುತ್ತದೆ.

ಪ್ಲಾಕ್ ನಾಳದುದ್ದಕ್ಕೂ ಸಮನಾಗಿ ಹರಡುವುದೂ ಇಲ್ಲ. ಕವಲೊಡೆಯುವ ಕಡೆ, ತಿರುವಿನ ಒಳಮಗ್ಗುಲಲ್ಲಿ, ರಕ್ತ ನಿಧಾನವಾಗಿ ಹಿಂದೆಮುಂದೆ ಸುಳಿಯುವ ಜಾಗಗಳಲ್ಲಿ ಅದು ಬೇರೂರುತ್ತದೆ. ರಕ್ತ ನೇರವಾಗಿ ಸರಾಗ ಹರಿಯುವಲ್ಲಿ ಆ ಹರಿವಿನ ಉಜ್ಜುವಿಕೆಯೇ ಒಳಪೊರೆಯನ್ನು ಆರೋಗ್ಯವಾಗಿಡುತ್ತದೆ.

ಈಗ ಪೈಪಿನ ಹೋಲಿಕೆ ಎಲ್ಲಿ ಮುರಿದು ಬೀಳುತ್ತದೆ ಎಂಬ ಮುಖ್ಯ ಮಾತಿಗೆ ಬರೋಣ. ಗೋಡೆಯೊಳಗೆ ಪ್ಲಾಕ್ ಬೆಳೆಯುತ್ತಿದ್ದಂತೆ ನಾಳ ಹೊರಮುಖವಾಗಿ ಉಬ್ಬಿ ಅದಕ್ಕೆ ಜಾಗ ಮಾಡಿಕೊಡುತ್ತದೆ. ಷಿಕಾಗೋದ ಸೀಮೋರ್ ಗ್ಲಾಗೊವ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದ್ದು ಇದನ್ನೇ: ನಾಳದ ಒಳಕ್ಷೇತ್ರದ ಸುಮಾರು ಶೇ 40ರಷ್ಟನ್ನು ಪ್ಲಾಕ್ ಆಕ್ರಮಿಸುವವರೆಗೂ ರಕ್ತ ಹರಿಯುವ ದಾರಿ ಕಿರಿದಾಗುವುದೇ ಇಲ್ಲ. ಆಂಜಿಯೋಗ್ರಾಮಿನಲ್ಲಿ ಬಣ್ಣ ಹಾಯಿಸಿ ತೆಗೆಯುವುದು ಆ ಹರಿಯುವ ದಾರಿಯ ಚಿತ್ರವನ್ನು ಮಾತ್ರ. ಗೋಡೆ ಅದರಲ್ಲಿ ಕಾಣುವುದಿಲ್ಲ. "ನಾರ್ಮಲ್" ಎಂದು ಬರೆದ ನಾಳದ ಗೋಡೆಯಲ್ಲೂ ಸಾಕಷ್ಟು ಪ್ಲಾಕ್ ಇರಬಹುದು.

ಒಡೆಯುವ ಗಳಿಗೆ

ಹೃದಯಾಘಾತವೆಂದರೆ ಪ್ಲಾಕ್ ನಿಧಾನವಾಗಿ ಬೆಳೆದು ದಾರಿಯನ್ನು ಪೂರ್ತಿ ಮುಚ್ಚುವುದು ಎಂದುಕೊಂಡರೆ ತಪ್ಪಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆಗುವುದು ಬೇರೆ. ಉರಿಯೂತ ಜೋರಾಗಿರುವ ಪ್ಲಾಕ್‌ನಲ್ಲಿ ಮ್ಯಾಕ್ರೊಫೇಜ್‌ಗಳು ಸ್ರವಿಸುವ ಕಿಣ್ವಗಳು ಮೇಲಿನ ನಾರಿನ ಹೊದಿಕೆಯನ್ನು ಕರಗಿಸಿ ತೆಳುವಾಗಿಸುತ್ತವೆ. ಒಂದು ದಿನ ಅದು ಬಿರಿಯುತ್ತದೆ. ನಸುಕಿನಲ್ಲಿ ಏಳುವ ಹೊತ್ತಿನ ರಕ್ತದೊತ್ತಡದ ಏರಿಕೆ, ಅಭ್ಯಾಸವಿಲ್ಲದವರು ಒಮ್ಮೆಲೇ ಮಾಡುವ ಭಾರಿ ಕೆಲಸ, ವಿಪರೀತ ಸಿಟ್ಟು, ಫ್ಲೂನಂಥ ಸೋಂಕು, ಇಂಥ ಯಾವುದಾದರೂ ನೆಪವಾಗಬಹುದು. ಒಳಗಿನ ರಾಶಿ ರಕ್ತಕ್ಕೆ ತಾಗಿದ ಕೂಡಲೇ ದೇಹ ಅದನ್ನು ಗಾಯವೆಂದೇ ತಿಳಿಯುತ್ತದೆ. ಕತ್ತಿ ತಾಗಿ ಕೈ ಕೊಯ್ದುಕೊಂಡಾಗ ರಕ್ತ ನಿಲ್ಲಿಸುವ ಅದೇ ವ್ಯವಸ್ಥೆ ಇಲ್ಲಿ ಮೂರು ಮಿಲಿಮೀಟರಿನ ನಾಳದೊಳಗೆ ಕೆಲಸಕ್ಕಿಳಿಯುತ್ತದೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಫೈಬ್ರಿನ್ ಎಳೆಗಳು ಹೆಣೆದುಕೊಳ್ಳುತ್ತವೆ, ನಿಮಿಷಗಳಲ್ಲಿ ಹೆಪ್ಪು ದಾರಿಯನ್ನು ಮುಚ್ಚಬಹುದು. ಕೆಲವರಲ್ಲಿ ಪ್ಲಾಕ್ ಒಡೆಯದೆ, ಮೇಲಿನ ಪೊರೆ ಸವೆದು ಅದೇ ಫಲಿತಾಂಶವಾಗುತ್ತದೆ.

ಷಿಕಾಗೋದವರೇ ಆದ ಜೇಮ್ಸ್ ಹೆರಿಕ್ 1912ರಲ್ಲೇ ಹೆಪ್ಪುಗಟ್ಟುವಿಕೆಯತ್ತ ಬೊಟ್ಟು ಮಾಡಿದ್ದರು. ಆದರೂ ಹೆಪ್ಪು ಹೃದಯಾಘಾತದ ಕಾರಣವೋ ಪರಿಣಾಮವೋ ಎಂಬ ವಾದ ದಶಕಗಟ್ಟಲೆ ಎಳೆಯಿತು. 1980ರಲ್ಲಿ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಆಘಾತ ನಡೆಯುತ್ತಿರುವಾಗಲೇ ಆಂಜಿಯೋಗ್ರಾಮ್ ಮಾಡುವ ಧೈರ್ಯ ತೋರಿದರು. ನೋವು ಶುರುವಾದ ನಾಲ್ಕು ಗಂಟೆಯೊಳಗೆ ನೋಡಿದವರಲ್ಲಿ ನೂರಕ್ಕೆ 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಹೊತ್ತು ಕಳೆದು ನೋಡಿದವರಲ್ಲಿ ಆ ಪ್ರಮಾಣ ಕಡಿಮೆಯಿತ್ತು. ವಾದ ಅಲ್ಲಿಗೆ ಮುಗಿಯಿತು; ಹೆಪ್ಪು ಕರಗಿಸುವ ಚಿಕಿತ್ಸೆಗೆ ದಾರಿ ತೆರೆಯಿತು.

ಹಾಗಾದರೆ ಯಾವ ಪ್ಲಾಕ್ ಒಡೆಯುತ್ತದೆ? ಶೇ 90ರ ಒಂದು ಪ್ಲಾಕ್ ಶೇ 40ರ ಒಂದು ಪ್ಲಾಕ್‌ಗಿಂತ ಅಪಾಯಕಾರಿ, ಸರಿ. ಆದರೆ ಒಬ್ಬರ ನಾಳಗಳಲ್ಲಿ ಶೇ 90ರದ್ದು ಒಂದೋ ಎರಡೋ ಇದ್ದರೆ, ಹರಿವಿಗೆ ಅಡ್ಡಿಯಾಗದ, ನೋವು ಕೊಡದ ಸಣ್ಣವು ಹಲವಾರು ಇರುತ್ತವೆ. ಒಟ್ಟು ಲೆಕ್ಕದಲ್ಲಿ ಹೃದಯಾಘಾತಗಳ ದೊಡ್ಡ ಪಾಲು ಈ ಸಣ್ಣವುಗಳಿಂದ ಬರುತ್ತದೆ. "ಹೋದ ತಿಂಗಳಷ್ಟೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದ್ದರು, ಎಲ್ಲ ಸರಿ ಇತ್ತು, ಹೀಗಾಯಿತಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ. ಟ್ರೆಡ್‌ಮಿಲ್ ಪರೀಕ್ಷೆ ಹಿಡಿಯುವುದು ಹರಿವಿನ ಕೊರತೆಯನ್ನು. ಅಡ್ಡಿಯಾಗದೆ ಕುಳಿತಿರುವ ಪ್ಲಾಕ್ ಅದಕ್ಕೆ ಸಿಕ್ಕುವುದಿಲ್ಲ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿಯಂತೂ ಇನ್ನೂ ಕಡಿಮೆ ಹೇಳುತ್ತದೆ. 2025ರ ಮಧ್ಯಭಾಗದಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜನ ಗಾಬರಿಯಿಂದ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಆ ಸಾಲಿನಲ್ಲಿ ನಿಂತವರಿಗೆ ಒಂದು ಇಸಿಜಿಗಿಂತ ಬಿಪಿ, ಸಕ್ಕರೆ, ಎಲ್‌ಡಿಎಲ್ ನೋಡಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿ, ಅಂದರೆ ಸ್ಟೆಂಟ್ ಬಗ್ಗೆಯೂ ಇದೇ ತರ್ಕ. ಆಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆದು ಸ್ಟೆಂಟ್ ಹಾಕಿದರೆ ಜೀವ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿಬ್ಬ ಹತ್ತುವಾಗ ಮಾತ್ರ ನೋವು ಬರುವ, ಸ್ಥಿರವಾಗಿರುವ ರೋಗಿಗಳಲ್ಲಿ ಒಳ್ಳೆಯ ಔಷಧಿಗಳ ಜೊತೆಗೆ ಸ್ಟೆಂಟನ್ನೂ ಹಾಕಿದರೆ ಸಾವು ಅಥವಾ ಹೃದಯಾಘಾತ ಇನ್ನಷ್ಟು ಕಡಿಮೆಯಾಗುತ್ತದೆಯೇ ಎಂದು 2007ರಲ್ಲಿ ಬಂದ ಕರೇಜ್ ಅಧ್ಯಯನ ಮತ್ತು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ ಪರೀಕ್ಷಿಸಿದವು. ಎರಡರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಯಿತು, ಅದೂ ಸಣ್ಣ ಲಾಭವಲ್ಲ. ಎಡ ನಾಳದ ಬುಡವೇ ಕಿರಿದಾಗಿರುವಂಥ ಸಂದರ್ಭಗಳು ಬೇರೆ, ಅಲ್ಲಿ ಬೈಪಾಸ್ ಇಲ್ಲವೇ ಸ್ಟೆಂಟ್ ಬೇಕಾಗುತ್ತದೆ. ಉಳಿದಂತೆ ಸ್ಟೆಂಟ್ ಸರಿಪಡಿಸುವುದು ಒಂದು ಸೆಂಟಿಮೀಟರೋ ಎರಡೋ ಉದ್ದದ ಜಾಗವನ್ನು. ಮಿಕ್ಕ ಗೋಡೆ ಇದ್ದ ಹಾಗೇ ಇರುತ್ತದೆ.

ನಾಳ ಮುಚ್ಚಿದ ನಂತರ ನಡೆಯುವುದು ಗಡಿಯಾರದ ಆಟ. ಒಂದು ನಿಮಿಷದೊಳಗೆ ಆ ಭಾಗದ ಸ್ನಾಯು ಸಂಕುಚಿಸುವುದನ್ನು ನಿಲ್ಲಿಸುತ್ತದೆ, ಇನ್ನೂ ಸತ್ತಿರುವುದಿಲ್ಲ. ಸುಮಾರು 20 ನಿಮಿಷದ ನಂತರ ಒಳಪದರದ ಕೋಶಗಳು ಸಾಯಲು ಶುರುವಾಗುತ್ತವೆ, ಸಾವು ಅಲ್ಲಿಂದ ಹೊರಪದರದ ಕಡೆಗೆ ಹರಡುತ್ತದೆ. ಆರು ಗಂಟೆ ಹೊತ್ತಿಗೆ ಉಳಿಸಬಹುದಾದ ಸ್ನಾಯು ಬಹಳ ಕಡಿಮೆ. ಒಮ್ಮೆ ಸತ್ತ ಭಾಗ ವಾರಗಳಲ್ಲಿ ನಾರಿನ ಕಲೆಯಾಗುತ್ತದೆ, ಮತ್ತೆ ಎಂದೂ ಮಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಬಳಲಿದ ಸ್ನಾಯುವಿನ ವಿದ್ಯುತ್ ಲಯ ಕೆಟ್ಟು ಕುಹರ ಬರಿದೆ ಅದುರತೊಡಗಿದರೆ ಅದು ಹೃದಯಸ್ತಂಭನ. ಹೃದಯಾಘಾತ ಮತ್ತು ಹೃದಯಸ್ತಂಭನ ಒಂದೇ ಅಲ್ಲ, ಮೊದಲನೆಯದು ಎರಡನೆಯದಕ್ಕೆ ಸಾಮಾನ್ಯ ಕಾರಣ. ಎದೆ ಒತ್ತುವ ಸಿಪಿಆರ್ ಮತ್ತು ವಿದ್ಯುತ್ ಆಘಾತ ಬೇಕಾಗುವುದು ಸ್ತಂಭನದಲ್ಲಿ.

ಈ ಗಡಿಯಾರ ಮಲೆನಾಡಿನ ರಸ್ತೆಗಳ ಜೊತೆ ಸ್ಪರ್ಧಿಸಬೇಕು. ಆಗುಂಬೆಯಿಂದ ಶಿವಮೊಗ್ಗಕ್ಕೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಬೇಕು ಎಂಬುದು ಓಡಾಡಿದವರಿಗೆ ಗೊತ್ತು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸಾಗರ ತಲುಪಲು ಲಾಂಚ್ ನೆಚ್ಚಿಕೊಳ್ಳಬೇಕಿತ್ತು, ಕತ್ತಲಾದ ಮೇಲೆ ಅದೂ ಇರುತ್ತಿರಲಿಲ್ಲ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದದ್ದನ್ನು ಪ್ರವಾಸಿಗರ ದೃಷ್ಟಿಯಿಂದ ಎಷ್ಟು ಬೇಕಾದರೂ ಕೊಂಡಾಡಲಿ. ಹೃದಯದ ಸ್ನಾಯುವಿನ ದೃಷ್ಟಿಯಿಂದ ಅದು ಗಂಟೆಗಳ ಉಳಿತಾಯ. ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್ ದೂರವಿರುವ ಕಡೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ಮುಂದೆ ಕಳುಹಿಸುವುದು ಒಪ್ಪಿತ ಕ್ರಮ. 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಔಷಧಿಯನ್ನು ಉಚಿತವಾಗಿ ಒದಗಿಸುತ್ತಿರುವುದು ಇದೇ ಕಾರಣಕ್ಕೆ.

ಆದರೆ ಹೆಚ್ಚು ಹೊತ್ತು ಹಾಳಾಗುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. "ಗ್ಯಾಸ್ಟ್ರಿಕ್ ಇರಬೇಕು" ಎಂದು ಜೀರಿಗೆ ಕಷಾಯ, ಸೋಡಾ, ಬೆಳಗಿನವರೆಗೆ ಕಾಯುವುದು. ಈ ಗೊಂದಲಕ್ಕೆ ಶರೀರದಲ್ಲೇ ಕಾರಣವಿದೆ. ಹೃದಯದ ನೋವಿನ ನರಗಳು ಬೆನ್ನುಹುರಿಯಲ್ಲಿ ಸೇರುವ ಮಟ್ಟಕ್ಕೇ ತೋಳು, ಎದೆಯ ಚರ್ಮದ ನರಗಳೂ ಬಂದು ಸೇರುತ್ತವೆ. ಮಿದುಳಿಗೆ ಮೂಲ ಯಾವುದೆಂದು ಬೇರ್ಪಡಿಸಲಾಗದೆ ನೋವನ್ನು ತೋಳಿಗೆ, ದವಡೆಗೆ, ಬೆನ್ನಿಗೆ ಹಚ್ಚುತ್ತದೆ. ಹೃದಯದ ತಳಭಾಗ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಮೇಲೆ, ಹೊಟ್ಟೆಗೆ ತೀರ ಹತ್ತಿರದಲ್ಲಿ ಕುಳಿತಿದೆ. ಅಲ್ಲಿ ಆಘಾತವಾದರೆ ವೇಗಸ್ ನರ ಕೆರಳಿ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಬೆವರುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ಈ ನರಗಳೇ ಮಂಕಾಗಿ ನೋವು ಇಲ್ಲದೆಯೂ ಇರಬಹುದು. ಉಬ್ಬಸ, ವಿಪರೀತ ಸುಸ್ತು ಮಾತ್ರ. ಹೆಂಗಸರಲ್ಲಿ ಎದೆನೋವಿನ ಜೊತೆ ಇಂಥ ಲಕ್ಷಣಗಳು ಹೆಚ್ಚು, ಮನೆಯವರು ಅದನ್ನು ಕಡೆಗಣಿಸುವುದೂ ಹೆಚ್ಚು. ನಿಂತರೂ ಹೋಗದ ಎದೆಯ ಭಾರ ಐದು ನಿಮಿಷ ಮೀರಿ ಉಳಿದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಅಜ್ಜನ ತುಪ್ಪ

ಯಾರಿಗೆ ಈ ಕಾಯಿಲೆ ಬರುತ್ತದೆ ಎಂಬ ಪ್ರಶ್ನೆಗೆ ವ್ಯವಸ್ಥಿತ ಉತ್ತರ ಹುಡುಕಿದ್ದು 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 5,209 ಜನರನ್ನು ಹಿಂಬಾಲಿಸಲು ಶುರು ಮಾಡಿದ ಅಧ್ಯಯನ. ಅಲ್ಲಿಯವರೆಗೆ ವಯಸ್ಸಾದಂತೆ ಬಿಪಿ ಏರುವುದು ಸಹಜವೆಂದೇ ಅನೇಕ ವೈದ್ಯರು ತಿಳಿದಿದ್ದರು. 2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಒಂಬತ್ತು ಅಂಶಗಳು ಜಗತ್ತಿನ ಮೊದಲ ಹೃದಯಾಘಾತಗಳಲ್ಲಿ ಸುಮಾರು ಶೇ 90ರಷ್ಟನ್ನು ವಿವರಿಸುತ್ತವೆ ಎಂದಿತು. ರಕ್ತದ ಕೊಬ್ಬಿನ ಏರುಪೇರು ಮತ್ತು ಧೂಮಪಾನ ಅವುಗಳಲ್ಲಿ ಎಲ್ಲಕ್ಕಿಂತ ಮುಂದೆ. ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ನಂತರ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ರಲ್ಲಿ ಆಗುತ್ತದೆ, ಉಳಿದೆಡೆ 59ರ ಆಸುಪಾಸಿನಲ್ಲಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ನಮ್ಮ ಮೈಕಟ್ಟಿನಲ್ಲಿ ಅದರ ಒಂದು ಕಾರಣವಿದೆ. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತದೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸಿ 'ಒಳ್ಳೆಯ ಕೊಲೆಸ್ಟ್ರಾಲ್' ಎನಿಸಿದ ಎಚ್‌ಡಿಎಲ್ ಇಳಿಸುತ್ತದೆ. ಜೊತೆಗೆ ಲೈಪೊಪ್ರೋಟೀನ್-ಎ ಎಂಬ, ಬಹುಪಾಲು ವಂಶವಾಹಿಯಿಂದಲೇ ನಿರ್ಧಾರವಾಗುವ ಕಣ ನಮ್ಮ ಅನೇಕರಲ್ಲಿ ಹೆಚ್ಚು. ಅಪ್ಪ, ಅಣ್ಣ ಚಿಕ್ಕ ವಯಸ್ಸಿಗೆ ಹೃದಯಾಘಾತಕ್ಕೆ ತುತ್ತಾಗಿದ್ದರೆ ಇದನ್ನು ಜೀವನದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು.

ಇನ್ನು ನಮ್ಮೂರಿನ ಕಾರಣಗಳು. ಹೊಗೆಸೊಪ್ಪು ಸೇರಿದ ಕವಳ ಬಾಯಿಗಷ್ಟೇ ಕೆಡುಕೆಂದು ಜನ ನಂಬಿದ್ದಾರೆ. ತಂಬಾಕು ಜಗಿಯುವವರಲ್ಲಿ ಹೃದಯಾಘಾತದ ಸಂಭವ ಜಗಿಯದವರಿಗಿಂತ ಸುಮಾರು ಎರಡು ಪಟ್ಟು ಎಂದು ಇಂಟರ್‌ಹಾರ್ಟ್ ದಾಖಲೆಗಳೇ ತೋರಿಸಿವೆ. ನಿಕೋಟಿನ್ ಬಾಯಿಯಿಂದ ಹೋದರೂ ಬಡಿತ, ಒತ್ತಡ ಏರಿಸುತ್ತದೆ. ಹೊಗೆಯ ಮಾತು ಬಂದಾಗ ಬೀಡಿ ನೆನಪಾಗುತ್ತದೆ, ಅಡಿಕೆ ಬೇಯಿಸುವ ಒಲೆ ನೆನಪಾಗುವುದಿಲ್ಲ. ಸುಗ್ಗಿಯಲ್ಲಿ ಹಂಡೆಯ ಮುಂದೆ ಹಸಿ ಕಟ್ಟಿಗೆ ತುರುಕುತ್ತಾ ದಿನಗಟ್ಟಲೆ ಕೂರುವವರು, ಬಚ್ಚಲ ಒಲೆ ಊದುವ ಹೆಂಗಸರು ಒಳಗೆಳೆದುಕೊಳ್ಳುವ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸುತ್ತವೆ, ನಾಳದ ಒಳಪೊರೆಯನ್ನೂ ಕೆಡಿಸುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆಯಲು ಕೈ ಬರುವುದಿಲ್ಲ, ಆದರೆ ಎರಡು ಹೊತ್ತು ಎರಡೆರಡು ಮಿಡಿ ಎಂದರೆ ಬಿಪಿ ಇರುವವರಿಗೆ ಅದು ಉಪ್ಪಿನ ದೊಡ್ಡ ಮೂಲವೇ.

"ನಮ್ಮಜ್ಜ ದಿನಾ ತುಪ್ಪ ಸುರಿದುಕೊಂಡು ಉಂಡು ತೊಂಬತ್ತು ಬದುಕಿದರು" ಎಂಬ ವಾದ ಪ್ರತಿ ಮನೆಯಲ್ಲೂ ಇದೆ. ಆ ಅಜ್ಜ ದಿಬ್ಬ ಹತ್ತಿ ಇಳಿಯುತ್ತಿದ್ದದ್ದು ದಿನಕ್ಕೆ ಎಷ್ಟು ಸಲ! ಈಗ ಅಡಿಕೆ ಸುಲಿಯಲು ಯಂತ್ರವಿದೆ, ಕೊನೆ ಕೊಯ್ಯಲು ಫೈಬರ್ ದೋಟಿ ಇದೆ, ತೋಟದ ಅಂಚಿನವರೆಗೆ ಬೈಕ್ ಹೋಗುತ್ತದೆ. ದೇಹಶ್ರಮ ನಾಳದ ಪೊರೆಯನ್ನು, ಇನ್ಸುಲಿನ್ನಿನ ಕೆಲಸವನ್ನು ಸುಧಾರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ನೆನಪಿನಲ್ಲಿ ಉಳಿದವರು ಬದುಕುಳಿದ ಅಜ್ಜಂದಿರು. ಐವತ್ತಕ್ಕೆ "ಎದೆ ಹಿಡಿದುಕೊಂಡು" ಹೋದ ಅವರ ತಮ್ಮನ ಊಟವನ್ನು ಯಾರೂ ಉದಾಹರಣೆ ಕೊಡುವುದಿಲ್ಲ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯ ಸಂತೃಪ್ತ ಕೊಬ್ಬು ಯಕೃತ್ತಿನ ಎಲ್‌ಡಿಎಲ್ ಗ್ರಾಹಕಗಳನ್ನು ಕಡಿಮೆ ಮಾಡಿ ರಕ್ತದಲ್ಲಿ ಎಲ್‌ಡಿಎಲ್ ಏರಿಸುತ್ತದೆ. ಎಷ್ಟು ಏರುತ್ತದೆ ಎಂಬುದು ವಂಶವಾಹಿಗೆ ಬಿಟ್ಟದ್ದು. ಒಂದು ಚಮಚಕ್ಕೆ ಹೆದರಬೇಕಿಲ್ಲ, ಅಜ್ಜನ ಹೆಸರಿನಲ್ಲಿ ಸುರಿದುಕೊಳ್ಳುವುದೂ ಬೇಡ.

ಕಾಯಿಲೆ ಗೋಡೆಯದ್ದಾದ್ದರಿಂದ ಔಷಧಿಗಳೂ ಗೋಡೆಯನ್ನೇ ಗುರಿಯಾಗಿಸಿವೆ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ತಡೆಯುತ್ತದೆ. ಆದರೆ ರಕ್ತಸ್ರಾವದ ಅಪಾಯವಿರುವುದರಿಂದ ಕಾಯಿಲೆಯಿಲ್ಲದವರು ತಾವೇ ಶುರು ಮಾಡುವಂಥದ್ದಲ್ಲ ಅದು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಪಡೆದ ವಸ್ತುವಿನಿಂದ ಬೆಳೆದು ಬಂದ ಸ್ಟ್ಯಾಟಿನ್‌ಗಳು ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುತ್ತವೆ. ಕೊರತೆ ಕಂಡ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರಚಾಚಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾರೆ ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ. ಪ್ಲಾಕ್ ಮಾಯವಾಗುವುದಿಲ್ಲ, ಒಳಗಿನ ರಾಶಿ ಕುಗ್ಗಿ ಮೇಲಿನ ಹೊದಿಕೆ ದಪ್ಪವಾಗುತ್ತದೆ, ಒಡೆಯುವ ಸಂಭವ ತಗ್ಗುತ್ತದೆ. ಶೇ 60 ಇದ್ದ ಬ್ಲಾಕ್ ಶೇ 60ರ ಆಸುಪಾಸಿನಲ್ಲೇ ಉಳಿದು ರೋಗಿ ಮೊದಲಿಗಿಂತ ಎಷ್ಟೋ ಸುರಕ್ಷಿತವಾಗಿರಲು ಸಾಧ್ಯ. ಸ್ಟೆಂಟ್ ಹಾಕಿಸಿಕೊಂಡು ಆರು ತಿಂಗಳಾದ ಮೇಲೆ "ರಿಪೋರ್ಟ್ ನಾರ್ಮಲ್ ಬಂದಿದೆ, ಇನ್ನೇಕೆ ಗುಳಿಗೆ" ಎಂದು ನಿಲ್ಲಿಸುವವರು ಬಹಳ. ಆ ನಾರ್ಮಲ್ ಬಂದದ್ದೇ ಗುಳಿಗೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಮರಳುತ್ತದೆ.